ಸ್ಪ್ರಿಂಗ್ ಕಂಪ್ರೆಸರ್: ಅಗ್ಗದ್ದು, ಭಾರದ್ದು, ಲೇತ್ ಅಂಗಡಿಯದ್ದು, ಗ್ಯಾರೇಜಿನದ್ದು

ದಾವಣಗೆರೆಯಲ್ಲಿ ಮನೆ ಮುಂದೆಯೇ ಕಾರಿನ ಕೆಲಸ ಮಾಡಿಕೊಳ್ಳುವ ಗೆಳೆಯರು ನನಗೆ ಬಹಳ ಜನ ಇದ್ದಾರೆ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ತನಕ ಯಾರೂ ನನ್ನನ್ನು ಕೇಳುವುದಿಲ್ಲ. ಮುಂದಿನ ಶಾಕ್ ಅಬ್ಸಾರ್ಬರ್ (ಶಾಕ್) ಬದಲಿಸಲು ಹೊರಟಾಗ ಮಾತ್ರ ಎಲ್ಲರದ್ದೂ ಒಂದೇ ಪ್ರಶ್ನೆ: ಆನ್‌ಲೈನ್‌ನಲ್ಲಿ ಸಾವಿರದೊಳಗೆ ಸಿಗುವ ಸ್ಪ್ರಿಂಗ್ ಕಂಪ್ರೆಸರ್, ಅಂದರೆ ಶಾಕ್ ಬಿಚ್ಚುವ ಮೊದಲು ಅದರ ಸುತ್ತಲಿನ ಸ್ಪ್ರಿಂಗ್ ಅನ್ನು ಒತ್ತಿ ಹಿಡಿಯುವ ಟೂಲ್, ಸಾಕಾ?

ಸಾಲದು. ನನ್ನ ಕಾರಿಗೆ, ಭಾವನ ಕಾರಿಗೆ, ಆಮೇಲೆ ಗೆಳೆಯರ ಕಾರುಗಳಿಗೆ ನಾಲ್ಕು ಬಗೆಯ ಕಂಪ್ರೆಸರ್ ಬಳಸಿ ನೋಡಿದ್ದೇನೆ. ನಾಲ್ಕರ ನಡುವಿನ ವ್ಯತ್ಯಾಸ ದುಡ್ಡಿಗಿಂತ ದೊಡ್ಡದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. ನಮ್ಮ ಹೆಚ್ಚಿನ ಸಣ್ಣ ಕಾರುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಶಾಕ್ ಒಳಗೆ, ಸ್ಪ್ರಿಂಗ್ ಅದರ ಸುತ್ತ, ಮೇಲೆ ರಬ್ಬರ್ ಮೌಂಟ್ ಮತ್ತು ಬೇರಿಂಗ್. ಇಷ್ಟನ್ನೂ ಹಿಡಿದಿಟ್ಟಿರುವುದು ನಡುವಿನ ಒಂದೇ ಒಂದು ನಟ್. ಕಾರನ್ನು ಜಾಕಿ ಮೇಲೆ ಎತ್ತಿ ಚಕ್ರ ಜೋತು ಬಿದ್ದಾಗಲೂ ಸ್ಪ್ರಿಂಗ್ ಪೂರ್ತಿ ಸಡಿಲ ಆಗುವುದಿಲ್ಲ, ಒಳಗೆ ಒತ್ತಿಕೊಂಡೇ ಇರುತ್ತದೆ. ಸ್ಪ್ರಿಂಗ್‌ನ ಬಿಗಿ ಮಿಲಿಮೀಟರಿಗೆ 2 ಕೆಜಿ ಎಂದು ಹಿಡಿಯೋಣ. 12 ಸೆಂಟಿಮೀಟರ್ ಒತ್ತಿದರೆ 240 ಕೆಜಿ ಬಲ ಆಯಿತು. ಅದು ಒಮ್ಮೆಲೇ ಬಿಟ್ಟುಕೊಂಡರೆ, ತುಂಬಿದ ಗ್ಯಾಸ್ ಸಿಲಿಂಡರ್ ಅರ್ಧ ಮೀಟರ್ ಮೇಲಿಂದ ಬಿದ್ದಷ್ಟು ಏಟು. ಸಿಲಿಂಡರ್ ಆದರೆ ನೆಲಕ್ಕೆ ಬೀಳುತ್ತದೆ. ಸ್ಪ್ರಿಂಗ್ ಯಾವ ಕಡೆ ಹಾರುತ್ತದೆ ಎಂದು ಹೇಳಲು ಬರುವುದಿಲ್ಲ, ಅದರ ಮುಂದೆ ಕೂತಿರುವವರು ನಾವೇ.

ಈಗ ಸಾವಿರದೊಳಗಿನ ಜೋಡಿ. ಎರಡು ಉದ್ದ ರಾಡ್, ಒಂದೊಂದಕ್ಕೂ ಮೇಲೊಂದು ಕೆಳಗೊಂದು ಕೊಕ್ಕೆ. ಡಬ್ಬಿ ಮೇಲೆ ದೊಡ್ಡದಾಗಿ ಟನ್ ಲೆಕ್ಕ ಬರೆದಿರುತ್ತಾರೆ. ಅದನ್ನು ನೋಡಿಯೇ ಜನ ಧೈರ್ಯ ಮಾಡುತ್ತಾರೆ. ನಮ್ಮ ಬೀದಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಯಂತ್ರ ತಯಾರಿಸುತ್ತಿದ್ದ ಕಾಲದಲ್ಲಿ ಅಲ್ಲಿ ಕೆಲಸ ಮಾಡಿದವರು. ಅವರ ಕೈಗೆ ಈ ಜೋಡಿ ಕೊಟ್ಟೆ. ಒಂದು ಸಲ ತಿರುಗಿಸಿ ನೋಡಿ, "ರಾಡ್ ನೋಡಬ್ಯಾಡ ತಮ್ಮಾ, ಕೊಕ್ಕೆ ನೋಡು" ಎಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. 14 ಮಿಮೀ ಬೋಲ್ಟ್‌ನ ಥ್ರೆಡ್ ಇರುವ ಭಾಗದಲ್ಲಿ ಭಾರ ಹೊರುವ ಕಬ್ಬಿಣ ಸುಮಾರು 115 ಚದರ ಮಿಲಿಮೀಟರ್. ತೀರಾ ಸಾಧಾರಣ ಬೋಲ್ಟ್ ಕೂಡ ಚದರ ಮಿಲಿಮೀಟರಿಗೆ ಸುಮಾರು 40 ಕೆಜಿ ಎಳೆತ ತಡೆಯುತ್ತದೆ. ಅಂದರೆ ಒಂದೇ ರಾಡ್ 4 ಟನ್‌ಗೂ ಜಾಸ್ತಿ ತಡೆದೀತು. ನಮ್ಮ ಸ್ಪ್ರಿಂಗ್ ಒಂದೊಂದು ರಾಡ್ ಮೇಲೆ ಹಾಕುವುದು 120 ಕೆಜಿ. ರಾಡ್ ಎಳೆತಕ್ಕೆ ತುಂಡಾಗುವ ಪ್ರಶ್ನೆಯೇ ಇಲ್ಲ. ಆದರೆ ಭಾರ ಬೀಳುವುದು ರಾಡ್‌ನ ನಡುವಿಗಲ್ಲ, ಪಕ್ಕಕ್ಕೆ ಚಾಚಿದ ಕೊಕ್ಕೆಯ ತುದಿಗೆ. ಹಾಗಾಗಿ ಕೊಕ್ಕೆ ಬಾಯಿ ತೆರೆಯಲು ನೋಡುತ್ತದೆ, ರಾಡ್ ಬಿಲ್ಲಿನಂತೆ ಬಾಗಲು ನೋಡುತ್ತದೆ. ಜೊತೆಗೆ ಸ್ಪ್ರಿಂಗ್‌ನ ಸುತ್ತು ಇಳಿಜಾರಾಗಿರುತ್ತದೆ, ಮೇಲಿನ ಪೇಂಟ್ ನುಣುಪು. ಕೊಕ್ಕೆ ಆ ಇಳಿಜಾರಿನಲ್ಲಿ ಸುತ್ತಿನ ಗುಂಟ ನಿಧಾನಕ್ಕೆ ಜಾರುತ್ತಾ ಹೋಗುತ್ತದೆ.

ನನ್ನ ಕಣ್ಣೆದುರೇ ಹಾಗಾಯಿತು. ಎರಡೂ ರಾಡ್ ಸರಿಯಾಗಿ ಎದುರುಬದುರು ಕೂರಿಸಿದ್ದೆ. ಎರಡೂ ಕಡೆ ಸಮ ಸಮ ಬಿಗಿ ಮಾಡುತ್ತಾ ಬಂದೆ. ಅರ್ಧಕ್ಕೆ ಬರುವಷ್ಟರಲ್ಲಿ ಒಂದು ಕೊಕ್ಕೆ ಹೆಬ್ಬೆರಳ ಅಗಲ ಜಾರಿತ್ತು, ಸ್ಪ್ರಿಂಗ್ ಒಂದು ಕಡೆ ಬಾಳೆಹಣ್ಣಿನ ಆಕಾರಕ್ಕೆ ತಿರುಗಿತ್ತು. ಅಲ್ಲಿಗೇ ನಿಲ್ಲಿಸಿ ಸಡಿಲ ಮಾಡಲು ಹೊರಟರೆ ರಾಡ್ ತಿರುಗಲೊಲ್ಲದು. ಮೆತ್ತನೆಯ ಥ್ರೆಡ್ ಉಜ್ಜಿ ಕಚ್ಚಿಕೊಂಡಿತ್ತು. ಅಗ್ಗದ ಜೋಡಿಯಲ್ಲಿ ನನಗೆ ಅತಿ ಭಯ ಹುಟ್ಟಿಸುವುದು ಇದೇ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಒತ್ತಿಕೊಂಡ ಸ್ಪ್ರಿಂಗ್ ಮಾತ್ರ ಎದುರಿಗೆ. ಥ್ರೆಡ್‌ಗೆ ಎಣ್ಣೆ ಬಿಟ್ಟು, ಸ್ಪ್ರಿಂಗ್‌ಗೆ ಅಡ್ಡವಾಗಿ ಗಟ್ಟಿ ಹಗ್ಗ ಬಿಗಿದು, ದೂರದಿಂದ ಉದ್ದ ಹಿಡಿಯ ರ್ಯಾಚೆಟ್ ಹಾಕಿ ಕಾಲು ಕಾಲು ಸುತ್ತು ಬಿಚ್ಚಿದೆ. ಈಚೆಗೆ ತೆಗೆದು ನೋಡಿದರೆ ಒಂದು ಕೊಕ್ಕೆಯ ಬಾಯಿ ಅಗಲ ಆಗಿತ್ತು. ಆ ಜೋಡಿಯನ್ನು ಗುಜರಿಗೆ ಹಾಕುವ ಮೊದಲು ಗ್ರೈಂಡರ್‌ನಲ್ಲಿ ಕೊಕ್ಕೆಗಳನ್ನು ಕತ್ತರಿಸಿದೆ. ಗುಜರಿಗೆ ಹೋದ ಟೂಲ್ ಮತ್ತೆ ಯಾರದ್ದೋ ಕೈಗೆ ಹೋಗುತ್ತದೆ, ಅಲ್ವಾ?

ಎರಡನೆಯದು ಅದೇ ಮಾದರಿಯ ಭಾರದ ಜೋಡಿ. ಬೆಲೆ ಮೂರು ಪಟ್ಟು ಹತ್ತಿರ ಹತ್ತಿರ. ಕೈಗೆ ತಗೊಂಡ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಕೊಕ್ಕೆಗಳು ಎರಕದವಲ್ಲ, ಕೆಂಪಗೆ ಕಾಯಿಸಿ ಒತ್ತಿ ಮಾಡಿದವು. ಬೋಲ್ಟ್ ತಲೆ ಮೇಲೆ 8.8 ಎಂಬ ಗುರುತು. ಅಂದರೆ ಚದರ ಮಿಲಿಮೀಟರಿಗೆ 80 ಕೆಜಿ ತಡೆಯುವ ಉಕ್ಕು. ಥ್ರೆಡ್ ಚೌಕಕ್ಕೆ ಹತ್ತಿರದ ದಪ್ಪ ಆಕಾರದ್ದು, ಕಚ್ಚಿಕೊಳ್ಳುವುದು ಕಡಿಮೆ. ಎಲ್ಲಕ್ಕಿಂತ ಮುಖ್ಯ, ಪ್ರತಿ ಕೊಕ್ಕೆಯ ಬಾಯಿಗೆ ಅಡ್ಡಲಾಗಿ ಒಂದು ಲಾಕ್ ಪಿನ್. ಕೊಕ್ಕೆ ಜಾರಿದರೂ ಸ್ಪ್ರಿಂಗ್ ಅದರ ಬಾಯಿಂದ ಹೊರಗೆ ಬರುವುದಿಲ್ಲ. ಜಾರುವುದನ್ನು ಇದು ಪೂರ್ತಿ ತಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ನೇರ ಸ್ಪ್ರಿಂಗ್‌ನಲ್ಲಿ ಚೆನ್ನಾಗಿ ಕೂರುತ್ತದೆ. ಮೇಲೆ ಕೆಳಗೆ ಸಣ್ಣಗಾಗಿ ನಡುವೆ ದಪ್ಪ ಇರುವ ಸ್ಪ್ರಿಂಗ್‌ನಲ್ಲಿ ಇದೂ ಸ್ವಲ್ಪ ಸರಿಯುತ್ತದೆ. ಆದರೆ ಸರಿದಾಗ ಕಣ್ಣಿಗೆ ಕಾಣುತ್ತದೆ, ಬಿಚ್ಚಿ ಮತ್ತೆ ಕೂರಿಸಲು ಸಮಯ ಸಿಗುತ್ತದೆ. ಅಗ್ಗದ್ದು ಆ ಸಮಯ ಕೊಡುವುದಿಲ್ಲ.

ಲೇತ್ ಅಂಗಡಿಯಲ್ಲಿ ಮಾಡಿಸಿದ್ದು ಮೂರನೆಯದು. ನಮ್ಮ ಊರಿನ ಲೇತ್ ಅಂಗಡಿಗಳ ಕೈಚಳಕದ ಮೇಲೆ ನನಗೆ ಬಹಳ ಗೌರವ. ಭಾವ ಮಾಡಿಸಿಕೊಂಡು ಬಂದಿದ್ದರ ಥ್ರೆಡ್ ನಾನು ನೋಡಿದ್ದರಲ್ಲೇ ಚೆಂದದ್ದು. ತೊಂದರೆ ಇದ್ದದ್ದು ಕೊಕ್ಕೆಯಲ್ಲಿ. ಅದನ್ನು ಲಾರಿಯ ಹಳೇ ಕಮಾನು ಪಟ್ಟಿ ಕತ್ತರಿಸಿ, ಬೆಸುಗೆ ಹಾಕಿ ಮಾಡಿದ್ದರು. ಕಮಾನು ಪಟ್ಟಿಯ ಉಕ್ಕು ಗಟ್ಟಿ ಎನ್ನುವುದು ನಿಜ. ಆದರೆ ಅದರಲ್ಲಿ ಕಾರ್ಬನ್ ಜಾಸ್ತಿ. ಮೊದಲೇ ಕಾಯಿಸದೆ ಸುಮ್ನೆ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದ ಉಕ್ಕು ಗಾಜಿನ ಹಾಗೆ ಪೆಡಸಾಗುತ್ತದೆ. ಬಾಗಿ ಸೂಚನೆ ಕೊಡುವುದಿಲ್ಲ, ನೇರ ಸಿಡಿಯುತ್ತದೆ. ಭಾವನ ಕೊಕ್ಕೆಯಲ್ಲಿ ಬೆಸುಗೆ ಪಕ್ಕ ಕೂದಲೆಳೆಯ ಬಿರುಕು ಕಂಡ ಮೇಲೆ ನಾವಿಬ್ಬರೂ ಅದನ್ನು ಮುಟ್ಟಿಲ್ಲ. ಮಾಡಿಸಲೇಬೇಕು ಎಂದಿದ್ದರೆ ವೆಲ್ಡಿಂಗ್ ಇಲ್ಲದ, ಒಂದೇ ತುಂಡಿನಲ್ಲಿ ಕಡೆದ ಕೊಕ್ಕೆ ಮಾಡಿಸಿ. ಖರ್ಚು ಭಾರದ ಜೋಡಿಗಿಂತ ಜಾಸ್ತಿ ಆಗುತ್ತದೆ.

ನಾಲ್ಕನೆಯದು ಗ್ಯಾರೇಜಿನ ಸ್ಟ್ಯಾಂಡ್ ಪ್ರೆಸ್. ಸ್ಟ್ರಟ್ ನೆಟ್ಟಗೆ ನಿಲ್ಲುತ್ತದೆ, ಅಗಲವಾದ ಕೈಗಳು ಸ್ಪ್ರಿಂಗ್ ಅನ್ನು ಮೇಲೆ ಕೆಳಗೆ ಹಿಡಿಯುತ್ತವೆ, ನೇರವಾಗಿ ಒತ್ತುತ್ತದೆ. ಪಿ.ಬಿ. ರಸ್ತೆ ಕಡೆ ಇಂಥದ್ದು ಇಟ್ಟುಕೊಂಡಿರುವ ಗ್ಯಾರೇಜಿಗೆ ನಾನು ಬಿಚ್ಚಿದ ಸ್ಟ್ರಟ್ ತಗೊಂಡು ಹೋಗುತ್ತೇನೆ. ಒಂದಕ್ಕೆ ಇನ್ನೂರೋ ಮುನ್ನೂರೋ ತಗೊಳ್ಳುತ್ತಾರೆ. "ಅಣ್ಣಾ, ಬರೀ ಮೌಂಟ್ ಮತ್ತು ಶಾಕ್ ಬದಲಿಸಿ ಕೊಡಿ" ಎಂದರೆ ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಸುರಕ್ಷತೆಯಲ್ಲಿ ಉಳಿದ ಮೂರಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಮೊದಲ ಸಲ ಕೆಲಸ ಮಾಡುವವರಿಗೆ ನಾನು ಹೇಳುವುದು ಇದೊಂದನ್ನೇ.

ಸ್ಟ್ರಟ್ ಕಳಚುವ ಕೆಲಸ ಮನೆಯಲ್ಲೇ ಆರಾಮಾಗಿ ಆಗುತ್ತದೆ, ಅದಕ್ಕೆ ಕಂಪ್ರೆಸರ್ ಬೇಡ. ಕಾರು ಜಾಕಿ ಮೇಲಷ್ಟೇ ಇರಬಾರದು, ಸ್ಟ್ಯಾಂಡ್ ಕೊಟ್ಟಿರಬೇಕು. ಬ್ರೇಕ್ ಪೈಪಿನ ಕ್ಲಿಪ್, ಎಬಿಎಸ್ ವೈರ್, ಲಿಂಕ್ ರಾಡ್ ಬಿಡಿಸಿ. ಕೆಳಗಿನ ಎರಡು ಬೋಲ್ಟ್ ಕೂತಿರುವ ಜಾಗಕ್ಕೆ ಪೇಂಟ್‌ನಲ್ಲಿ ಗುರುತು ಹಾಕಿ ತೆಗೆಯಿರಿ. ಚಕ್ರ ಕೂರುವ ಹಬ್ ಹೊರಗೆ ವಾಲಿ ಆಕ್ಸಲ್ ಎಳೆದುಕೊಳ್ಳದ ಹಾಗೆ ಕಟ್ಟಿ ಹಾಕಿ. ಕೊನೆಗೆ ಬಾನೆಟ್ ಕೆಳಗಿನ ನಟ್ ಬಿಚ್ಚುವಾಗ ಮೌಂಟ್ ಅನ್ನು ಬಾಡಿಗೆ ಹಿಡಿದಿರುವ ನಟ್ ಯಾವುದು, ನಡುವಿನ ನಟ್ ಯಾವುದು ಎಂದು ನಿಮ್ಮ ಕಾರಿನಲ್ಲಿ ಖಚಿತ ಮಾಡಿಕೊಳ್ಳಿ. ಸ್ಪ್ರಿಂಗ್ ಹಿಡಿದಿಟ್ಟಿರುವ ನಟ್‌ಗೆ ಪಾನಾ ಹಾಕಲೇಬೇಡಿ. ಕೆಲವರು ಕಾರಿನ ಭಾರವನ್ನೇ ಸ್ಪ್ರಿಂಗ್ ಮೇಲೆ ಬಿಟ್ಟು ಆ ನಟ್ ತೆಗೆದು, ಆಮೇಲೆ ಬಾಡಿ ಎತ್ತುತ್ತಾರೆ. ಜಾಕಿ ಒಂದು ಚೂರು ವಾಲಿದರೂ ತಡೆಯಲು ಏನೂ ಉಳಿದಿರುವುದಿಲ್ಲ. ಆ ದಾರಿ ಬೇಡ.

ಭಾರದ ಜೋಡಿಯಲ್ಲೇ ಮನೆಯಲ್ಲಿ ಮಾಡುತ್ತೇವೆ ಎನ್ನುವವರಿಗೆ ನನ್ನ ಪದ್ಧತಿ ಹೇಳುತ್ತೇನೆ. ಥ್ರೆಡ್‌ಗೆ ಗ್ರೀಸ್ ಹಚ್ಚದೆ ಶುರು ಮಾಡುವುದಿಲ್ಲ. ಕೊಕ್ಕೆಗಳ ನಡುವೆ ಆದಷ್ಟು ಜಾಸ್ತಿ ಸುತ್ತು ಬರಬೇಕು. ಎರಡೂ ರಾಡ್ ಸರಿಯಾಗಿ ಎದುರುಬದುರು ಇರಬೇಕು, ಪಿನ್ ನಾಲ್ಕೂ ಬಿದ್ದಿರಬೇಕು. ಒಂದು ಕಡೆ ಎರಡು ಸುತ್ತು, ಇನ್ನೊಂದು ಕಡೆ ಎರಡು ಸುತ್ತು, ಅಷ್ಟೇ. ನಟ್ ಬೇಗ ಬಿಗಿಯುವ ಇಂಪ್ಯಾಕ್ಟ್ ಗನ್ ಹತ್ತಿರ ತರುವುದಿಲ್ಲ, ಅದು ಥ್ರೆಡ್ ಕಾಯಿಸಿ ಕಚ್ಚಿಸುತ್ತದೆ. ಎರಡು ತುದಿಗಳ ನೇರಕ್ಕೆ ಯಾರೂ ಕೂರಬಾರದು, ಮಕ್ಕಳು ಅಂಗಳದಲ್ಲೇ ಇರಬಾರದು. ಸ್ಪ್ರಿಂಗ್ ತನ್ನ ಸೀಟಿನಲ್ಲಿ ಕೈಯಿಂದ ಅಲ್ಲಾಡುವಷ್ಟು ಸಡಿಲ ಆಗಿದೆ ಎಂದು ಕಂಡ ಮೇಲೆಯೇ ನಡುವಿನ ನಟ್. ಒತ್ತಿದ ಸ್ಪ್ರಿಂಗ್ ಹಾಗೇ ಬಿಟ್ಟು ಊಟಕ್ಕೆ ಏಳುವುದಿಲ್ಲ.

ಹಿಂದಿನ ಚಕ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸ್ವಿಫ್ಟ್‌ನಂಥ ಕಾರಿನ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಿಂದಿನ ಎರಡೂ ಚಕ್ರ ಜೋಡಿಸಿರುವ ಅಡ್ಡ ತೊಲೆಗೆ (ಬೀಮ್) ಜಾಕಿ ಕೊಟ್ಟು, ಶಾಕ್‌ನ ಕೆಳಗಿನ ಬೋಲ್ಟ್ ತೆಗೆದು, ಬೀಮ್ ನಿಧಾನಕ್ಕೆ ಇಳಿಸಿದರೆ ಸ್ಪ್ರಿಂಗ್ ತಾನೇ ಸಡಿಲವಾಗಿ ಕೈಗೆ ಬರುತ್ತದೆ. ಅದಕ್ಕಾಗಿ ಕಂಪ್ರೆಸರ್ ಕೊಳ್ಳಲು ಹೊರಟಿದ್ದರೆ ಆ ದುಡ್ಡು ಉಳಿಯಿತು.

ವಾಪಸ್ ಜೋಡಿಸುವಾಗ ಸ್ಪ್ರಿಂಗ್‌ನ ತುದಿ ಕೆಳಗಿನ ಸೀಟಿನ ಮೆಟ್ಟಿಲಿಗೆ ತಾಗಿ ಕೂತಿದೆಯಾ ನೋಡಿ. ಗ್ಯಾರೇಜಿನವರು ಮಾಡಿಕೊಟ್ಟಿದ್ದರೂ ಒಮ್ಮೆ ನೋಡಿ. ಕೊಕ್ಕೆ ತಾಗಿ ಪೇಂಟ್ ಕಿತ್ತು ಹೋದ ಕಡೆ ಪ್ರೈಮರ್ ಹಚ್ಚಿ. ಸ್ಪ್ರಿಂಗ್‌ಗೆ ತುಕ್ಕು ಹಿಡಿದು ಮುರಿಯುವುದು ಶುರುವಾಗುವುದೇ ಅಂಥ ಗೀರಿನಿಂದ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿಯೇ ಹೈವೇಗೆ ಇಳಿಯಿರಿ.