ಅಪ್ಪ ಅಮ್ಮನನ್ನು ಅಮೆರಿಕಕ್ಕೆ ಕಳಿಸುತ್ತಿದ್ದೀರಾ? ಸೂಟ್‌ಕೇಸ್ ಕೊಳ್ಳುವ ಮೊದಲು ಇದನ್ನು ಓದಿ

ಮಗಳ ಬಾಣಂತನಕ್ಕೋ, ಮೊಮ್ಮಕ್ಕಳನ್ನು ನೋಡಿಕೊಳ್ಳಲಿಕ್ಕೋ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಅಮೆರಿಕದ ವಿಮಾನ ಹತ್ತುವುದು ಈಗ ಬೀದಿಗೊಂದು ಮನೆಯಲ್ಲಿ ನಡೆಯುತ್ತಿದೆ. ಅವರನ್ನು ಕಳಿಸಿಕೊಡುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಔಷಧಿ, ಅದರಲ್ಲೂ ಇನ್ಸುಲಿನ್, ಚಕ್ರ ಇರುವ ಯಾವ ಪೆಟ್ಟಿಗೆಯಲ್ಲೂ ಇರಬಾರದು. ಹೆಗಲಿಗೆ ಹಾಕಿಕೊಂಡು ಸೀಟಿನ ಕೆಳಗೆ ತಳ್ಳಿಡುವ ಸಣ್ಣ ಚೀಲದಲ್ಲೇ ಇರಬೇಕು. ಇನ್ನು, ಬ್ಯಾಗ್ ಒಡೆದು ಬಂದರೆ, ಲಗೇಜ್ ಬರುವ ಬೆಲ್ಟ್ ಹತ್ತಿರದ ಕೌಂಟರಿನಲ್ಲಿ ವರದಿ ಬರೆಸಿಕೊಳ್ಳದೆ ಹೊರಗೆ ಕಾಲಿಡಬಾರದು. ನಮ್ಮ ಮನೆಯವರಿಗೆ ಈ ಎರಡೂ ಕಡೆ ಅನ್ಯಾಯವಾಯಿತು.

ತಂಗಿ ಶಿಕಾಗೋದಲ್ಲಿದ್ದಾಳೆ. ಅವಳ ಹೆರಿಗೆಗೆ ಅಪ್ಪ ಅಮ್ಮ ಹೊರಟರು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಎರಡು ದೊಡ್ಡದು, ಒಂದು ಸಣ್ಣದು, ಮೂರರ ಸೆಟ್ ತೆಗೆದುಕೊಂಡೆವು. ‘ಪ್ಯೂರ್ ಪಾಲಿಕಾರ್ಬೊನೇಟ್ ಸಾರ್, ಮೇಲೆ ನಿಂತ್ರೂ ಏನೂ ಆಗಲ್ಲ’ ಎಂದ ಅಂಗಡಿಯವನು ಚಪ್ಪಲಿ ಬಿಚ್ಚಿ ನಿಜಕ್ಕೂ ಅದರ ಮೇಲೆ ಹತ್ತಿ ನಿಂತು ತೋರಿಸಿದ. ಸಣ್ಣದು ‘ಕ್ಯಾಬಿನ್ ಸೈಜ್, ಯಾವ ಏರ್‌ಲೈನ್ಸಲ್ಲೂ ತೊಂದರೆ ಇಲ್ಲ’ ಎಂದ. ಪಾಲಿಕಾರ್ಬೊನೇಟ್ ಎಂದರೆ ಸುಲಭಕ್ಕೆ ಒಡೆಯದ ಒಂದು ಬಗೆಯ ಪ್ಲಾಸ್ಟಿಕ್. ಬಿಲ್ಲಿನಲ್ಲಿ ಹಾಗೆಂದೇ ಬರೆಸಿಕೊಂಡೆ. ಮುಂದೆ ನನ್ನ ಕೈಯಲ್ಲಿ ಉಳಿದ ಸಾಕ್ಷಿ ಅದೊಂದೇ.

ದೇವನಹಳ್ಳಿಯ ಚೆಕ್-ಇನ್ ಕೌಂಟರಿನಲ್ಲಿ ಆ ಸಣ್ಣ ಪೆಟ್ಟಿಗೆಯ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಗಲ್ಫ್‌ನಲ್ಲಿ ವಿಮಾನ ಬದಲಿಸುವಾಗ ಗೇಟಿನ ಸಿಬ್ಬಂದಿ ಅದನ್ನು ಅಳತೆಯ ಚೌಕಟ್ಟಿನಲ್ಲಿ ಇಳಿಸಿ ನೋಡಿದರು. ಚಕ್ರದ ಭಾಗ ಹೊರಗೇ ಉಳಿಯಿತು. ತಕ್ಷಣ ಟ್ಯಾಗ್ ಕಟ್ಟಿ ವಿಮಾನದ ಹೊಟ್ಟೆಗೆ ಕಳಿಸಿಬಿಟ್ಟರು. ಅಮ್ಮನ ಇನ್ಸುಲಿನ್ ಪೆನ್ನುಗಳು, ಅಪ್ಪನ ಬಿಪಿ ಮಾತ್ರೆ, ಪವರ್ ಬ್ಯಾಂಕ್ ಎಲ್ಲ ಅದರೊಳಗೇ ಇದ್ದವು. ಅಮ್ಮ ‘ಮೆಡಿಸಿನ್, ಮೆಡಿಸಿನ್’ ಎಂದು ಎರಡು ಸಲ ಹೇಳಿದ್ದಾರೆ. ಹಿಂದೆ ಸಾಲು ನಿಂತಿತ್ತು, ಯಾರೂ ಕೇಳಿಸಿಕೊಳ್ಳಲಿಲ್ಲ. ಗೇಟಿನಲ್ಲಿ ಬ್ಯಾಗ್ ಕಿತ್ತುಕೊಳ್ಳುವಾಗ ಪವರ್ ಬ್ಯಾಂಕ್ ಮತ್ತು ಬಿಡಿ ಬ್ಯಾಟರಿಗಳನ್ನು ಹೊರಗೆ ತೆಗೆಸಿ ಪ್ರಯಾಣಿಕರ ಕೈಗೆ ಕೊಡಬೇಕು ಎಂಬುದು ಜಗತ್ತಿನ ಎಲ್ಲ ಕಡೆ ಇರುವ ನಿಯಮ. ಲಿಥಿಯಂ ಬ್ಯಾಟರಿಗೆ ಕೆಳಗಡೆ ಬೆಂಕಿ ಹತ್ತಿಕೊಂಡರೆ ಕೈಗೆ ಸಿಗುವುದಿಲ್ಲ ಎಂಬ ಕಾರಣಕ್ಕೇ ಅದು ಇರುವುದು. ಆ ಪ್ರಶ್ನೆಯನ್ನೂ ಅಲ್ಲಿ ಯಾರೂ ಕೇಳಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ಮುಂದಿನದು ಹದಿನಾಲ್ಕು ಗಂಟೆಗೂ ಮೀರಿದ ಹಾರಾಟ. ಅಮ್ಮನಿಗೆ ಇನ್ಸುಲಿನ್ ಇಲ್ಲ. ಸಾಲದೆಂಬಂತೆ ಟ್ರಾವೆಲ್ ಏಜೆಂಟ್ ‘ಹಿಂದೂ ಮೀಲ್ ಹಾಕಿಸಿದ್ದೀನಿ, ನಿಶ್ಚಿಂತೆಯಿಂದ ಹೋಗಿ’ ಎಂದಿದ್ದರು. ತಟ್ಟೆಯಲ್ಲಿ ಬಂದದ್ದು ಚಿಕನ್. ಸಸ್ಯಾಹಾರಿಗಳು ಇದನ್ನು ದಯವಿಟ್ಟು ನೆನಪಿಡಿ: ವಿಮಾನದವರ ಲೆಕ್ಕದಲ್ಲಿ ಹಿಂದೂ ಮೀಲ್ ಎಂದರೆ ದನದ ಮಾಂಸ ಇಲ್ಲದ ಊಟ, ಅಷ್ಟೇ. ಕೋಳಿ, ಕುರಿ, ಮೀನು ಎಲ್ಲವೂ ಬರಬಹುದು. ನಮಗೆ ಬೇಕಾದದ್ದು ಏಷ್ಯನ್ ವೆಜಿಟೇರಿಯನ್, ಟಿಕೆಟ್ಟಿನಲ್ಲಿ ಎವಿಎಂಎಲ್ ಎಂಬ ಸಂಕೇತ ಇರಬೇಕು. ಸಕ್ಕರೆ ಕಾಯಿಲೆಯವರ ಊಟಕ್ಕೆ ಬೇರೆಯದೇ ಸಂಕೇತ ಇದೆ, ಡಿಬಿಎಂಎಲ್. ಸಾಮಾನ್ಯವಾಗಿ ಹೊರಡುವುದಕ್ಕೆ 24 ಗಂಟೆ ಮೊದಲೇ ಹೇಳಿರಬೇಕು. ಅಪ್ಪ ಅಮ್ಮ ಆ ದಾರಿಯುದ್ದಕ್ಕೂ ಬ್ರೆಡ್ಡು, ಹಣ್ಣು, ಜ್ಯೂಸಿನಲ್ಲೇ ಕಾಲ ತಳ್ಳಿದರು. ಶಿಕಾಗೋದಲ್ಲಿ ಇಳಿದಾಗ ಅಮ್ಮನ ಸಕ್ಕರೆ ಹೆದರಿಕೆ ಹುಟ್ಟಿಸುವಷ್ಟು ಏರಿತ್ತು. ತುಂಬು ಗರ್ಭಿಣಿ ತಂಗಿ ಅವರನ್ನು ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಯಿತು. ಪೆಟ್ಟಿಗೆಯಲ್ಲಿದ್ದ ಇನ್ಸುಲಿನ್ ಬಳಸಬೇಡಿ ಎಂದರು ಡಾಕ್ಟರು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ವಿಮಾನದ ಕೆಳಭಾಗದಲ್ಲಿ ಅದು ಹೆಪ್ಪುಗಟ್ಟಿತ್ತೋ ಇಲ್ಲವೋ ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಎಲ್ಲವನ್ನೂ ಎಸೆದು ಅಲ್ಲೇ ಹೊಸದಾಗಿ ಕೊಂಡದ್ದಾಯಿತು.

ಹಾಗಾಗಿ ಔಷಧಿಯ ಚೀಲ ಬೇರೆಯೇ ಇರಲಿ. ಅದರ ಮೇಲುಖಾನೆಯಲ್ಲಿ ಡಾಕ್ಟರ ಚೀಟಿ, ಜೊತೆಗೆ ‘ಇದರಲ್ಲಿ ಇನ್ಸುಲಿನ್ ಇದೆ, ಇದು ನನ್ನ ಜೊತೆಯಲ್ಲೇ ಇರಬೇಕು’ ಎಂದು ದಪ್ಪಕ್ಷರದ ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ ಇಡಿ. ಮಾತು ಬಾರದವರು ಹಾಳೆ ಚಾಚಿದರೆ ಓದಲೇಬೇಕಾಗುತ್ತದೆ. ವಾಪಸ್ ಬರುವಾಗ ಅಮ್ಮ ಅದನ್ನೇ ಚಾಚಿದರು. ಗೇಟಿನ ಹುಡುಗಿ ಓದಿ ‘ಓಕೆ ಮಾ’ ಎಂದು ಬಿಟ್ಟಳು.

ಈಗ ಆ ಕ್ಯಾಬಿನ್ ಸೈಜಿನ ವಿಷಯ. ಪೆಟ್ಟಿಗೆ ಮನೆಗೆ ವಾಪಸ್ ಬಂದ ಮೇಲೆ ಟೇಪ್ ಹಿಡಿದೆ. ಚೀಟಿಯಲ್ಲಿ 55 ಸೆಂಟಿಮೀಟರ್ ಎಂದಿತ್ತು. ಅದು ಡಬ್ಬದ ಎತ್ತರ ಮಾತ್ರ. ನೆಲದಿಂದ ಹಿಡಿಕೆಯ ತುದಿಯವರೆಗೆ ಅಳೆದರೆ 59. ವಿಮಾನದವರು ಅಳೆಯುವುದು ಚಕ್ರ, ಹಿಡಿಕೆ ಎಲ್ಲ ಸೇರಿಸಿಯೇ. ಎಲ್ಲ ಕಂಪನಿಗಳಿಗೂ ಒಂದೇ ಅಳತೆ ಎಂಬುದಂತೂ ಇಲ್ಲವೇ ಇಲ್ಲ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಎತ್ತರ, ಅಗಲ, ದಪ್ಪ 56, 36, 23 ಸೆಂಟಿಮೀಟರ್ ನಡೆಯುತ್ತದೆ, ನಮ್ಮ ದೇಶದೊಳಗೆ 55, 35, 25 ಸಾಮಾನ್ಯ. ತೂಕ ಕೆಲವರಲ್ಲಿ 7 ಕೆಜಿ, ಕೆಲವರಲ್ಲಿ 8. ವಿಮಾನ ಬದಲಿಸುವ ಪ್ರಯಾಣವಾದರೆ ಎರಡರಲ್ಲಿ ಯಾವುದು ಬಿಗಿಯೋ ಅದಕ್ಕೆ ಹೊಂದುವುದನ್ನು ಕೊಳ್ಳಿ. ಅಂಗಡಿಗೆ ಹೋಗುವಾಗ ಟೈಲರ್ ಟೇಪ್ ಒಂದು ಜೇಬಿನಲ್ಲಿರಲಿ.

ದೊಡ್ಡ ಪೆಟ್ಟಿಗೆಗಳ ಗತಿ ಇನ್ನೂ ಕೆಟ್ಟದಾಯಿತು. ಒಂದರ ಮೂಲೆ ಸೀಳಿ ಚಕ್ರದ ಸಮೇತ ಕಿತ್ತುಬಂದಿತ್ತು. ಒಳಗಿನಿಂದ ಬಾಣಂತಿಗೆಂದು ಮಾಡಿಸಿದ ಲೇಹ್ಯದ ಡಬ್ಬ ಇಣುಕುತ್ತಿತ್ತು. ಒಡೆದ ಅಂಚನ್ನು ನಾನು ಆಮೇಲೆ ಕೈಯಲ್ಲಿ ಹಿಡಿದು ನೋಡಿದೆ. ಮೇಲೆ ಉಗುರಿನಿಂದ ಎಬ್ಬಿಸಬಹುದಾದ ತೆಳ್ಳನೆಯ ಹೊಳೆಯುವ ಪದರ, ಕೆಳಗೆ ಮಂಕು ಬಣ್ಣದ ಪೆಡಸು ಪ್ಲಾಸ್ಟಿಕ್. ಒಳಗಿನ ಬಟ್ಟೆಯ ಹೊಲಿಗೆ ಬಿಚ್ಚಿಕೊಂಡ ಜಾಗದಲ್ಲಿ ಪುಟ್ಟ ಲೇಬಲ್ ಇತ್ತು: ಎಬಿಎಸ್. ಅದು ಬೇರೆಯೇ ಬಗೆಯ, ಪೆಡಸು ಪ್ಲಾಸ್ಟಿಕ್. ಅಂದರೆ ಎಬಿಎಸ್ ಮೇಲೆ ಪಾಲಿಕಾರ್ಬೊನೇಟಿನ ಹಾಳೆ ಅಂಟಿಸಿದ ಮಾಲು. ಮೇಲೆ ಹತ್ತಿ ನಿಂತರೆ ಎಬಿಎಸ್ ಕೂಡ ಭಾರ ತಡೆಯುತ್ತದೆ, ಅದೇನೂ ಪರೀಕ್ಷೆಯಲ್ಲ. ವಿಮಾನದಲ್ಲಿ ಪೆಟ್ಟಿಗೆ ಒಡೆಯುವುದು ಮೂಲೆ ಮೇಲಾಗಿ ಬಿದ್ದಾಗ, ಅದರಲ್ಲೂ ಚಳಿಯಲ್ಲಿ. ಎಬಿಎಸ್ ಆಗ ಬಿರುಕು ಬಿಡುತ್ತದೆ. ಪಾಲಿಕಾರ್ಬೊನೇಟ್ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಅಂಗಡಿಯಲ್ಲಿ ಪೆಟ್ಟಿಗೆಯ ನಡುಭಾಗವನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿ ನೋಡಿ. ಕುಗ್ಗಿ ಚಿಮ್ಮಿದರೆ ಒಳ್ಳೆಯದು. ಕಲ್ಲಿನ ಹಾಗೆ ನಿಂತರೆ ಗಟ್ಟಿ ಎಂದುಕೊಳ್ಳಬೇಡಿ. ಒಳಗಿನ ಜಿಪ್ ಬಿಚ್ಚಿ ಬಟ್ಟೆ ಸರಿಸಿ ಲೇಬಲ್ ಹುಡುಕಿ, ಅಂಗಡಿಯವನು ಮುಖ ಸಿಂಡರಿಸಿದರೂ ಪರವಾಗಿಲ್ಲ. ‘ಎಬಿಎಸ್ ಪ್ಲಸ್ ಪಿಸಿ’ (ಪಿಸಿ ಎಂದರೆ ಪಾಲಿಕಾರ್ಬೊನೇಟ್) ಎಂದಿದ್ದರೆ ಅದನ್ನು ಪಾಲಿಕಾರ್ಬೊನೇಟಿನ ಬೆಲೆಗೆ ಕೊಳ್ಳಬೇಡಿ. ಚಕ್ರವನ್ನು ಸ್ಕ್ರೂ ಹಾಕಿ ಕೂರಿಸಿದ್ದಾರಾ ನೋಡಿ, ರಿವಿಟ್ ಹೊಡೆದಿದ್ದರೆ ಆಮೇಲೆ ಬದಲಿಸುವುದು ಕಷ್ಟ. ಬರೀ ಪೆಟ್ಟಿಗೆಯನ್ನು ತೂಗಿಸಿ. ಹೆಚ್ಚಿನ ಕಡೆ ಒಂದು ಪೆಟ್ಟಿಗೆಗೆ ಮಿತಿ 23 ಕೆಜಿ, ಅದರಲ್ಲಿ ಐದು ಕೆಜಿ ಪೆಟ್ಟಿಗೆಯೇ ತಿಂದರೆ ಉಳಿಯುವುದು ಹದಿನೆಂಟು. ಉದ್ದ, ಅಗಲ, ಎತ್ತರ ಮೂರೂ ಕೂಡಿ 158 ಸೆಂಟಿಮೀಟರ್ ಮೀರಬಾರದು. 32 ಇಂಚಿನದನ್ನು ಎಷ್ಟೇ ಹೊಗಳಿದರೂ ಬೇಡ ಎನ್ನಿ.

ಜಿಪ್ ಬಗ್ಗೆಯೂ ಒಂದು ಮಾತು. ಸಾಧಾರಣ ನೈಲಾನ್ ಜಿಪ್ಪನ್ನು ಬಾಲ್ ಪೆನ್ನಿನ ಮೊನೆ ಚುಚ್ಚಿ ಬಿಡಿಸಬಹುದು, ಕೆಲಸ ಮುಗಿದ ಮೇಲೆ ಬೀಗ ಹಾಕಿದ ರನ್ನರನ್ನೇ ಅತ್ತಿತ್ತ ಎಳೆದರೆ ಏನೂ ಆಗದ ಹಾಗೆ ಮುಚ್ಚಿಕೊಳ್ಳುತ್ತದೆ. ಚಿನ್ನ, ದುಡ್ಡು, ಕಾಗದಪತ್ರ ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಬಾಣಂತಿಗೆ ಅಂಟಿನ ಉಂಡೆ ಮಾಡಲು ಕೊಬ್ಬರಿ ಗಿಟಕು ತುಂಬುವವರೂ ಎಚ್ಚರ. ಎಣ್ಣೆಯ ಅಂಶದಿಂದ ತಾನಾಗಿಯೇ ಬಿಸಿಯೇರುವ ಪದಾರ್ಥ ಎಂದು ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ.

ಒಡೆದ ಪೆಟ್ಟಿಗೆಯನ್ನು ಅಪ್ಪ ಬೆಲ್ಟ್ ಪಕ್ಕದ ಕೌಂಟರಿಗೆ ಎಳೆದುಕೊಂಡು ಹೋದರು. ಅಲ್ಲಿದ್ದವರು ಒಂದು ಚೀಟಿ ಕೊಟ್ಟು ‘ಮನೆಗೆ ಹೋಗಿ ಆನ್‌ಲೈನಿನಲ್ಲಿ ಹಾಕಿ’ ಎಂದು ಸಾಗಹಾಕಿದರು. ತಂಗಿ ಆನ್‌ಲೈನಿನಲ್ಲಿ ಹಾಕಲು ಹೋದರೆ ಅದು ಮೊದಲು ಕೇಳಿದ್ದೇ ಏರ್‌ಪೋರ್ಟಿನಲ್ಲಿ ಕೊಡುವ ವರದಿಯ ನಂಬರು. ಅದಕ್ಕೆ ಪಿಐಆರ್ ಎನ್ನುತ್ತಾರೆ, ಪ್ರಾಪರ್ಟಿ ಇರ್‌ರೆಗ್ಯುಲಾರಿಟಿ ರಿಪೋರ್ಟ್. ಅಪ್ಪನಿಗೆ ಕೊಟ್ಟಿದ್ದು ಬರೀ ವೆಬ್‌ಸೈಟಿನ ವಿಳಾಸ. ವಾರಗಟ್ಟಲೆ ಪತ್ರ ಬರೆದ ಮೇಲೆ ಬಂದ ಉತ್ತರ: ವರದಿ ಇಲ್ಲ, ಜೊತೆಗೆ ಪೆಟ್ಟಿಗೆಯೇ ಕಳಪೆ. ಅಂಗಡಿಗೆ ಹೋದರೆ ವಾರಂಟಿ ಕಾರ್ಡ್ ತಿರುಗಿಸಿ ಸಣ್ಣಕ್ಷರ ತೋರಿಸಿದರು: ವಿಮಾನ ಸಾಗಣೆಯಲ್ಲಿ ಆದ ಹಾನಿಗೆ ವಾರಂಟಿ ಇಲ್ಲ. ವಿಮಾನಕ್ಕೆಂದೇ ಮಾರಿದ ಪೆಟ್ಟಿಗೆಗೆ ಈ ಷರತ್ತು! ಅವರು ಇವರ ಮೇಲೆ, ಇವರು ಅವರ ಮೇಲೆ. ನಡುವೆ ಸಿಕ್ಕಿಕೊಂಡವರು ನಾವು.

ಕಾನೂನು ಏನು ಹೇಳುತ್ತದೆ ಎಂಬುದು ಇಲ್ಲಿ ಬಹಳ ಮುಖ್ಯ. ಅಂತಾರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ, ಭಾರತ ಅದಕ್ಕೆ ಸೇರಿದ್ದು 2009ರಲ್ಲಿ. ಬ್ಯಾಗಿಗೆ ಹಾನಿಯಾದರೆ ಕೈಗೆ ಬಂದ 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ತಡವಾಗಿ ಬಂದ ಬ್ಯಾಗಿನ ಬಗ್ಗೆಯಾದರೆ ಕೈಗೆ ಸಿಕ್ಕ ದಿನದಿಂದ 21 ದಿನ. 21 ದಿನವಾದರೂ ಬರದಿದ್ದರೆ ಕಳೆದುಹೋಯಿತು ಎಂದೇ ಲೆಕ್ಕ. ಪರಿಹಾರದ ಗರಿಷ್ಠ ಮಿತಿ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ ಬಳಸುವ ಲೆಕ್ಕದ ಘಟಕ), ಹೆಚ್ಚುಕಡಿಮೆ ಎರಡು ಸಾವಿರ ಡಾಲರ್. 2024ರ ಡಿಸೆಂಬರ್ 28ರಿಂದ ಈ ಮೊತ್ತ ಜಾರಿಯಲ್ಲಿದೆ. ಆದರೆ ಬ್ಯಾಗಿನದೇ ದೋಷದಿಂದ ಹಾನಿಯಾದರೆ ಕಂಪನಿ ಹೊಣೆಯಲ್ಲ ಎಂದು ಅದೇ ಒಪ್ಪಂದದಲ್ಲಿದೆ. ನಮಗೆ ಬಂದ ಉತ್ತರ ಆ ಸಂದಿಯಿಂದಲೇ ನುಸುಳಿದ್ದು. ಹೀಗಾಗಿ ಕಳಪೆ ಪೆಟ್ಟಿಗೆ ಎರಡು ಸಲ ನಷ್ಟ ಮಾಡುತ್ತದೆ. ಹೊರಡುವಾಗ ಮನೆಯಲ್ಲೇ ಪೆಟ್ಟಿಗೆಯ ನಾಲ್ಕೂ ಮೂಲೆಯ ಫೋಟೊ ತೆಗೆದಿಡಿ, ಬೆಲ್ಟಿನಿಂದ ಎತ್ತಿದ ಕೂಡಲೇ ಇನ್ನೊಮ್ಮೆ ತೆಗೆಯಲು ಅಪ್ಪ ಅಮ್ಮನಿಗೆ ಹೇಳಿಕೊಡಿ, ‘ಪಿಐಆರ್’ ಎಂಬ ಮೂರಕ್ಷರ ಬಾಯಿಪಾಠ ಮಾಡಿಸಿ. ನಂಬರ್ ಕೊಡುವವರೆಗೂ ಅಲ್ಲೇ ನಿಂತಿರಲಿ. ಅಮೆರಿಕದೊಳಗೆ ಇನ್ನೊಂದು ವಿಮಾನ ಹಿಡಿಯುವವರು ಮೊದಲು ಇಳಿದ ಊರಿನಲ್ಲೇ ಬ್ಯಾಗ್ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕಾಗುತ್ತದೆ, ಅವರು ಅಲ್ಲಿಯೇ ನೋಡಿಕೊಳ್ಳಬೇಕು.

ಅಮ್ಮನ ಕಾಲು ಊದಿದ್ದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಡುವಿನ ಸೀಟು ಸಿಕ್ಕಿತ್ತು. ಪಕ್ಕದವರನ್ನು ಎಬ್ಬಿಸಲು ಸಂಕೋಚ, ಬಾತ್‌ರೂಮಿಗೆ ಏಳಬೇಕಾಗುತ್ತದೆ ಎಂದು ನೀರೇ ಕುಡಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ ಪ್ರಕಾರ ನಾಲ್ಕು ಗಂಟೆ ಮೀರಿ ಅಲ್ಲಾಡದೆ ಕೂತು ಪ್ರಯಾಣ ಮಾಡಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚೂಕಡಿಮೆ ಎರಡು ಪಟ್ಟಾಗುತ್ತದೆ. ಆರೋಗ್ಯವಂತರಲ್ಲಿ ಇದು ಅಪರೂಪವೇ, ಸುಮಾರು 6,000ಕ್ಕೆ ಒಬ್ಬರು. ವಯಸ್ಸಾದವರು, ಹಿಂದೆ ಇಂಥ ತೊಂದರೆ ಇದ್ದವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ, ಬಿಗಿ ಸಾಕ್ಸ್ ಬೇಕಾದರೆ ಅವರು ಹೇಳುತ್ತಾರೆ. ದುಡ್ಡು ಕೊಟ್ಟಾದರೂ ನಡುದಾರಿಯ ಪಕ್ಕದ ಸೀಟು ಹಿಡಿಯಿರಿ, ಹೊರಡುವ ವಾರದಲ್ಲಿ ಬುಕಿಂಗ್ ಮತ್ತೊಮ್ಮೆ ತೆರೆದು ನೋಡಿ. ವಿಮಾನ ಬದಲಾದರೆ ಸೀಟೂ ಬದಲಾಗಿರುತ್ತದೆ, ಎಲ್ಲರೂ ತಾವಾಗಿ ತಿಳಿಸುವುದಿಲ್ಲ. ವೀಲ್‌ಚೇರ್ ಬೇಕಿದ್ದರೆ 48 ಗಂಟೆ ಮೊದಲೇ ಹೇಳಿ.

ಅಂಗಡಿಯ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಬಿಲ್ ಸಮೇತ ದೂರು ಕೊಟ್ಟಿದ್ದೇನೆ, ವಿಮಾನ ಕಂಪನಿಯ ಮೇಲೆ ವಿಮಾನಯಾನ ಸಚಿವಾಲಯದ ದೂರು ಪೋರ್ಟಲ್ ಏರ್‌ಸೇವಾದಲ್ಲಿ ಹಾಕಿದ್ದೇನೆ. ಒಪ್ಪಂದದ ಪ್ರಕಾರ ದಾವೆ ಹೂಡಲು ಎರಡು ವರ್ಷ ಸಮಯವಿದೆ. ನಿಮ್ಮಲ್ಲಿ ಯಾರಿಗಾದರೂ ಇಂಥದ್ದೇ ಆಗಿ ಗ್ರಾಹಕರ ನ್ಯಾಯಾಲಯಕ್ಕೆ ಹೋಗಿದ್ದರೆ, ಯಾವ ಕಾಗದ ಕೇಳಿದರು ಎಂದು ದಯವಿಟ್ಟು ತಿಳಿಸಿ.