ಮೂರು ಕಂಪ್ಯೂಟರ್, ಮೂರು ಹಳೇ ವಿನ್‌ರಾರ್

ಶಿವಮೊಗ್ಗದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಕರಪತ್ರ, ಬಯೋಡೇಟಾ ಮಾಡಿಕೊಡುತ್ತೇನೆ. ಪ್ರೆಸ್‌ನವರು ಕೋರಲ್‌ಡ್ರಾ ಫೈಲನ್ನು ನುಡಿ ಫಾಂಟ್ ಸಮೇತ ಒಂದೇ ಗಂಟಾಗಿ ಕಟ್ಟಿ ಕಳಿಸುವುದು ರಾರ್ ಫೈಲಿನಲ್ಲೇ. ಆ ಗಂಟು ಕಟ್ಟುವ, ಬಿಚ್ಚುವ ಸಾಫ್ಟ್‌ವೇರೇ ವಿನ್‌ರಾರ್. ಹಾಗಾಗಿ ವಿನ್‌ರಾರ್ ಇಲ್ಲದೆ ಅಂಗಡಿ ಬಾಗಿಲು ತೆಗೆದ ದಿನ ನನಗೆ ನೆನಪಿಲ್ಲ.

ಕೆಲಸದ ವಿಷಯದಲ್ಲಿ ಇದಕ್ಕೆ ಹೆಸರಿಡೋ ಹಾಗಿಲ್ಲ. ದೊಡ್ಡ ಫೈಲನ್ನು ತುಂಡು ಮಾಡಿ ಕಳಿಸಬಹುದು. ಕಟ್ಟುವಾಗಲೇ ರಿಕವರಿ ರೆಕಾರ್ಡ್ (ರಿಪೇರಿಗೆ ಬೇಕಾಗುವ ಹೆಚ್ಚುವರಿ ಮಾಹಿತಿ) ಹಾಕಿದ್ದರೆ, ಪೆನ್‌ಡ್ರೈವ್‌ನಲ್ಲಿ ಸ್ವಲ್ಪ ಕೆಟ್ಟ ಫೈಲನ್ನೂ ರಿಪೇರಿ ಮಾಡಿಕೊಡುತ್ತದೆ. ಇನ್ನು ಆ 40 ದಿನದ ಟ್ರಯಲ್ ಕಥೆ: ದಿನ ಮುಗಿದ ಮೇಲೆ ದುಡ್ಡು ಕೊಡಿ ಅಂತ ಕೇಳುತ್ತದೆ, ಆದರೆ ಕೆಲಸ ನಿಲ್ಲಿಸುವುದಿಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಮೊದಲ ದಿನವೇ ಗಾಬರಿಯಾಗಿ, "ಅಣ್ಣಾ, ಇದು ದುಡ್ಡು ಕೇಳ್ತಿದೆ" ಅಂದ. "ಅದು ಎಂಟು ವರ್ಷದಿಂದ ಕೇಳ್ತಿದೆ ಕಣೋ, ಮುಚ್ಚು" ಅಂದೆ. ಅವನೆದುರು ಹಾಗಂದಿದ್ದಕ್ಕೆ ನಾಚಿಕೆಯಾಗಿ, ಆಮೇಲೆ ಒಂದು ಲೈಸೆನ್ಸ್ ಕೊಂಡೆ.

2025ರ ಆಗಸ್ಟ್‌ನಲ್ಲಿ ಒಂದು ಸುದ್ದಿ ಓದಿ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಯುರೋಪ್ ಮತ್ತು ಕೆನಡಾದ ಕಂಪನಿಗಳಿಗೆ ಯಾರೋ ಕೆಲಸ ಕೇಳುವವರ ಹಾಗೆ ಬಯೋಡೇಟಾವನ್ನು ರಾರ್ ಮಾಡಿ ಮೇಲ್ ಕಳಿಸಿದ್ದರು. ಬಿಚ್ಚಿದರೆ ಒಳಗೆ ಬೇರೆಯದೇ ಸಾಮಾನು, ಕಂಪ್ಯೂಟರಿಗೆ ನುಗ್ಗುವ ಕಳ್ಳ ಪ್ರೋಗ್ರಾಂ. ಇದನ್ನು ಪತ್ತೆ ಮಾಡಿದ್ದು ಆಂಟಿವೈರಸ್ ಮಾಡುವ ಈಸೆಟ್ ಕಂಪನಿಯವರು. ಮಾಡಿದ್ದು ರೋಮ್‌ಕಾಮ್ ಅನ್ನುವ ಹ್ಯಾಕರ್ ಗುಂಪು ಎಂದರು. ನನ್ನ ಮೇಲ್‌ಗೆ ದಿನಾ ಬರುವುದೇ ಬಯೋಡೇಟಾ! ಹೆಲ್ಪ್ ಮೆನುಗೆ ಹೋಗಿ ಮೂರೂ ಕಂಪ್ಯೂಟರಿನ ವರ್ಷನ್ ನೋಡಿದೆ. 5.50, 6.11, 7.01. ಒಂದೊಂದು ಒಂದೊಂದು ಕಾಲದ್ದು.

5.50 ಇದ್ದದ್ದು ಜೆರಾಕ್ಸ್ ಪಕ್ಕದ ಡಬ್ಬಾ ಕಂಪ್ಯೂಟರಿನಲ್ಲಿ. ಆ ವರ್ಷನ್ನಿನೊಳಗೆ ಏಸ್ ಅನ್ನುವ ಹಳೇ ಬಗೆಯ ಫೈಲು ಬಿಚ್ಚುವ ಡಿಎಲ್‌ಎಲ್ (ಪ್ರೋಗ್ರಾಮಿನ ಒಂದು ಸಿದ್ಧ ತುಣುಕು) ಒಂದಿತ್ತು. 2005ರಿಂದ ಅಪ್‌ಡೇಟೇ ಆಗದೆ ಬಿದ್ದಿದ್ದದ್ದು. ಅದರ ತೂತನ್ನು, ಅಂದರೆ ಕಳ್ಳರು ನುಗ್ಗಬಹುದಾದ ದೋಷವನ್ನು, 2019ರಲ್ಲಿ ಚೆಕ್ ಪಾಯಿಂಟ್ ಅನ್ನುವ ಸೈಬರ್ ಭದ್ರತಾ ಕಂಪನಿಯವರು ತೋರಿಸಿದರು. 19 ವರ್ಷದಿಂದ ಇತ್ತಂತೆ! ಆ ಡಿಎಲ್‌ಎಲ್‌ನ ಸೋರ್ಸ್ ಕೋಡ್ (ತಿದ್ದಲು ಬೇಕಾದ ಮೂಲ ಬರಹ) ವಿನ್‌ರಾರ್‌ನವರ ಕೈಯಲ್ಲೇ ಇರಲಿಲ್ಲ. ಸರಿಮಾಡೋದು ಹೇಗೆ? 5.70ರಲ್ಲಿ ಏಸ್ ಅನ್ನೇ ಕಿತ್ತುಹಾಕಿದರು.

6.11 ನನ್ನ ಹೆಂಡತಿ ಕೂರುವ ಕಂಪ್ಯೂಟರ್. ಅವಳು ಷೇರು ಮಾರುಕಟ್ಟೆಯನ್ನೂ ನೋಡುತ್ತಾಳೆ, ಅದಕ್ಕೇ ಇದು ಜಾಸ್ತಿ ಹೆದರಿಸಿತು. 2023ರಲ್ಲಿ ಷೇರು, ಕ್ರಿಪ್ಟೋ ವ್ಯಾಪಾರ ಮಾಡುವವರಿಗೆ ಟಿಪ್ಸ್ ಅಂತ ಜಿಪ್ ಫೈಲು ಹಂಚಿದ್ದರು. ಜಿಪ್‌ನೊಳಗೆ ಒಂದು ಫೋಟೊ, ಅದೇ ಹೆಸರಿನ ಒಂದು ಫೋಲ್ಡರ್. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ, ಕಣ್ಣಿಗೆ ಕಾಣುವುದೇ ಇಲ್ಲ. ನೀವು ಫೋಟೊ ಮೇಲೆ ಎರಡು ಸಲ ಒತ್ತುತ್ತೀರಿ. ವಿನ್‌ರಾರ್ ಫೋಲ್ಡರಿನಲ್ಲಿರುವುದನ್ನೂ ಹೊರಗೆ ಹಾಕುತ್ತದೆ. ಆ ಖಾಲಿ ಜಾಗದ ಗೊಂದಲದಲ್ಲಿ ವಿಂಡೋಸ್ ಫೋಟೊ ಬಿಟ್ಟು ಫೋಲ್ಡರಿನೊಳಗಿನ ಸ್ಕ್ರಿಪ್ಟ್, ಅಂದರೆ ಒಂದು ಚಿಕ್ಕ ಪ್ರೋಗ್ರಾಂ, ಓಡಿಸುತ್ತದೆ. ಆ ಸ್ಕ್ರಿಪ್ಟ್ ತನ್ನ ಕೆಲಸ ಮಾಡಿಕೊಂಡು, ಫೋಟೊವನ್ನೂ ತೆರೆದು ತೋರಿಸುತ್ತದೆ. ಇನ್ನೆಲ್ಲಿ ಅನುಮಾನ ಬರಬೇಕು ಹೇಳಿ? ಎಲ್ಲೋ ಕೂತವನ ಪ್ರೋಗ್ರಾಂ ನಮ್ಮ ಕಂಪ್ಯೂಟರಿನಲ್ಲಿ ಓಡುವುದು ಅಂದರೆ ಇದೇ. ಬ್ರೋಕರ್ ಖಾತೆಗೇ ಕೈ ಹಾಕಿದ್ದರು. ಏಪ್ರಿಲ್‌ನಿಂದ ನಡೆದಿದ್ದ ಇದಕ್ಕೆ ಮದ್ದು ಬಂದದ್ದು ಆಗಸ್ಟ್‌ನಲ್ಲಿ, 6.23ರ ಜೊತೆ.

7.01 ನನ್ನದು. ಬಯೋಡೇಟಾ ಆಟ ನಡೆಯುವುದು ಇದರ ಮೇಲೂ. ನೀವು ಫೈಲು ಬಿಚ್ಚು ಅಂದ ಫೋಲ್ಡರಿನಲ್ಲಿ ಬಯೋಡೇಟಾ ಇರುತ್ತದೆ. ಆದರೆ ಅದರ ಬೆನ್ನಿಗೆ ಅಂಟಿಕೊಂಡು ಬಂದ ಇನ್ನೊಂದು ಫೈಲು ಸದ್ದಿಲ್ಲದೆ ಸ್ಟಾರ್ಟ್‌ಅಪ್ ಫೋಲ್ಡರಿಗೆ ಹೋಗಿ ಕೂರುತ್ತದೆ. ಅವತ್ತು ಏನೂ ಆಗುವುದಿಲ್ಲ. ಮಾರನೇ ದಿನ ಅಂಗಡಿಗೆ ಬಂದು, ದೇವರಿಗೆ ಊದುಬತ್ತಿ ಹಚ್ಚಿ, ಕಂಪ್ಯೂಟರ್ ಆನ್ ಮಾಡಿದಾಗ ಅದೂ ಏಳುತ್ತದೆ. 2025ರ ಜುಲೈ 30ಕ್ಕೆ ಬಂದ 7.13ರಲ್ಲಿ ಇದನ್ನು ಮುಚ್ಚಿದ್ದಾರೆ. ಆಂಡ್ರಾಯ್ಡ್ ಫೋನಿನ ರಾರ್‌ಗೆ ಈ ತೊಂದರೆ ಇರಲಿಲ್ಲ.

ನನ್ನ ಪುಣ್ಯ, ಮೂರರಲ್ಲೂ ಏನೂ ಸೇರಿಕೊಂಡಿರಲಿಲ್ಲ. ಸ್ಟಾರ್ಟ್‌ಅಪ್ ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ನೋಡಿದೆ, ಆಂಟಿವೈರಸ್ಸನ್ನೂ ಓಡಿಸಿದೆ.

ವಿನ್‌ರಾರ್ ಮೇಲೆ ನನ್ನ ತಕರಾರು ತೂತು ಇತ್ತು ಅಂತಲ್ಲ. ತೂತು ಯಾವ ಸಾಫ್ಟ್‌ವೇರಿನಲ್ಲಿಲ್ಲ? ತಮಗೆ ಗೊತ್ತಾದ ಮೇಲೆ ಮೂರು ಸಲವೂ ಬೇಗನೆ ಮುಚ್ಚಿಯೂ ಇದ್ದಾರೆ. ಆದರೆ ಇದು ಬ್ರೌಸರ್ ತರಹ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ನಾವೇ ಅವರ ಸೈಟಿಗೆ ಹೋಗಿ, ಹೊಸದನ್ನು ಇಳಿಸಿ, ಹಳೇದರ ಮೇಲೆ ಹಾಕಬೇಕು. ವಿಂಡೋಸ್ ಫಾರ್ಮ್ಯಾಟ್ ಮಾಡಲು ಬಂದವರು ಪೆನ್‌ಡ್ರೈವ್‌ನಿಂದ ಹಾಕಿಹೋದದ್ದೇ ಕೊನೆ, ಆಮೇಲೆ ಯಾರು ನೋಡುತ್ತಾರೆ? ನಾನಂತೂ ನೋಡಿರಲಿಲ್ಲ.

ಈಗ ಹೆಂಡತಿ ಕಂಪ್ಯೂಟರಿನಿಂದ ವಿನ್‌ರಾರ್ ತೆಗೆದೆ. ವಿಂಡೋಸ್ 11 ಆದ್ದರಿಂದ ರಾರ್ ಫೈಲನ್ನು ಅದೇ ಬಿಚ್ಚುತ್ತದೆ, ಸ್ವಲ್ಪ ನಿಧಾನ ಅಷ್ಟೆ. ಜೆರಾಕ್ಸ್ ಪಕ್ಕದ ಡಬ್ಬಾಕ್ಕೆ ಇಂಟರ್‌ನೆಟ್ ವೈರೇ ಇಲ್ಲ ಈಗ. ನನ್ನದರಲ್ಲಿ ಹೊಸ ವಿನ್‌ರಾರ್ ಇದೆ. ತಿಂಗಳ ಮೊದಲ ಸೋಮವಾರ ವರ್ಷನ್ ನೋಡುವ ಕೆಲಸ ಆ ಹುಡುಗನದು. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ತಾನಾಗಿ ಅಪ್‌ಡೇಟ್ ಆಗುವ ದಿನ ಬಂದರೆ ನಾಲ್ಕನೆಯದನ್ನೂ ಹಾಕುತ್ತೇನೆ.