ಸಂಗೀತ ಕಚೇರಿಗೆ ಮುಂಚೆ ಗಂಟಲು ಹದ ಮಾಡೋದು: ಹಬೆ ಯಂತ್ರ, ನೆಬ್ಯುಲೈಸರ್, ಜ್ಯೇಷ್ಠಮಧು, ಆಮೇಲೆ ಒಂದು ಕೊಳವೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೊಳವೆಗೆ. ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಉದ್ದದ ಸಿಲಿಕೋನ್ ಕೊಳವೆ, ಅರ್ಧ ಬಾಟಲಿ ನೀರು, ಹತ್ತು ನಿಮಿಷ. ಇಷ್ಟಕ್ಕೆ ಬಂದು ನಿಲ್ಲೋಕೆ ನನಗೆ ಎರಡು ವರ್ಷ ಹಿಡಿಯಿತು. ನಡುವೆ ದುಡ್ಡೂ ಖರ್ಚಾಯಿತು, ಒಂದು ರಾಮನವಮಿ ಕಾರ್ಯಕ್ರಮವೂ ಕೆಟ್ಟಿತು. ಬೇರೆಯವರಿಗೆ ಹಾಗಾಗೋದು ಬೇಡ ಅಂತ ಬರೆಯುತ್ತಿದ್ದೇನೆ.

ನಾನು ಹಾಡೋದು ಕರ್ನಾಟಕ ಸಂಗೀತ, ಐದು ಮನೆ ಶ್ರುತಿ, ಅಂದರೆ ನನ್ನ ಷಡ್ಜ (ಸ) ಹಾರ್ಮೋನಿಯಂನ ಐದನೇ ಬಿಳಿ ಮನೆ. ಬೆಂಗಳೂರಿನಲ್ಲಿ ಕೆಲಸ. ವರ್ಷಕ್ಕೆ ಎಂಟೋ ಹತ್ತೋ ಕಾರ್ಯಕ್ರಮ ಸಿಗುತ್ತದೆ, ರಾಮನವಮಿ ಪೆಂಡಾಲು, ಗಣೇಶ, ದಸರಾ ಗೊಂಬೆ, ಹೀಗೆ. ಎಲ್ಲ ಒಂದು ಗಂಟೆಯದ್ದು. ಆ ಒಂದು ಗಂಟೆ ಅನ್ನೋದೇ ಇಲ್ಲಿ ಮುಖ್ಯ. ಎರಡೂವರೆ ಗಂಟೆ ಕಚೇರಿ ಮಾಡುವವರು ವರ್ಣ ಅನ್ನೋ ರಚನೆಯಿಂದ ಶುರು ಮಾಡುತ್ತಾರಲ್ವಾ, ಆ ವರ್ಣದಲ್ಲೇ ಗಂಟಲು ಬಿಟ್ಟುಕೊಳ್ಳುತ್ತದೆ, ಆಮೇಲೆ ಮುಖ್ಯ ಹಾಡುಗಳಾದ ಕೃತಿಗಳಿಗೆ ಜಾಗ ಇರುತ್ತದೆ. ನಮ್ಮಂಥವರಿಗೆ ವರ್ಣ ಮುಗಿಯುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಅದಕ್ಕೇ ವೇದಿಕೆ ಹತ್ತುವ ಮುಂಚೆಯೇ ಗಂಟಲು ಸಿದ್ಧ ಇರಬೇಕು. ಆಫೀಸಿನಲ್ಲಿ ಎಂಟು ಗಂಟೆ ಎಸಿ ಗಾಳಿ ಕುಡಿದು, ಫೋನಿನಲ್ಲಿ ಮಾತಾಡಿ, ಮೆಟ್ರೋ ಹಿಡಿದು ಏಳು ಗಂಟೆಗೆ ಪೆಂಡಾಲು ತಲುಪುವ ಗಂಟಲು ಅದು.

ಮೊದಲು ಕೊಂಡದ್ದು ಹಬೆ ಯಂತ್ರ. ಪ್ಲಾಸ್ಟಿಕ್ಕಿನದು, ಮೆಡಿಕಲ್ ಶಾಪಿನಲ್ಲಿ 280 ರೂಪಾಯಿ ಕೊಟ್ಟೆ. ಮನೆಯಲ್ಲಿ ನಾಲ್ಕೈದು ಸಲ ಹಾಕಿ ನೋಡಿದೆ. ಎರಡು ನಿಮಿಷಕ್ಕೆ ಹಬೆ ಬುಸ್ ಅಂತ ಬರುತ್ತಿತ್ತು. ಗಂಟಲು ಹಗುರ ಅನಿಸುತ್ತಿತ್ತು. ಸರಿ, ಇದನ್ನೇ ಪೆಂಡಾಲಿಗೆ ತಗೊಂಡು ಹೋಗೋಣ ಅಂದುಕೊಂಡೆ.

ಅಲ್ಲಿ ವೇದಿಕೆ ಹಿಂದೆ ಒಂದು ಪರದೆ, ಎರಡು ಕುರ್ಚಿ, ಮೈಕ್‌ಸೆಟ್‌ನವರ ಎಕ್ಸ್‌ಟೆನ್ಷನ್ ಬೋರ್ಡು. ಇಪ್ಪತ್ತು ಲೀಟರ್ ಕ್ಯಾನಿನಿಂದ ನೀರು ಹಿಡಿದು ಯಂತ್ರಕ್ಕೆ ಹಾಕಿ ಸ್ವಿಚ್ ಒತ್ತಿದೆ. ಐದು ನಿಮಿಷ ಆಯಿತು, ಹಬೆ ಇಲ್ಲ. ಎಂಟು ನಿಮಿಷ, ಇಲ್ಲ. ಪ್ಲಗ್ ತೆಗೆದು ಮುಟ್ಟಿ ನೋಡಿದರೆ ನೀರು ತಣ್ಣಗೆ ಕೂತಿದೆ. ಯಂತ್ರ ಕೆಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ಮೃದಂಗದವರು ಬಂದು ನೋಡಿ, "ಅಮ್ಮಾ, ಯಾವ ನೀರು ಹಾಕಿದ್ದೀರಿ? ಕ್ಯಾನ್ ನೀರಾ? ಇದಕ್ಕೆ ಉಪ್ಪು ಹಾಕಬೇಕು" ಅಂದರು. ನನಗೆ ಆಗ ಅರ್ಥವಾಗಲಿಲ್ಲ. ಪ್ರಸಾದದ ಅಡುಗೆಯವರ ಹತ್ತಿರ ಹೋಗಿ ಉಪ್ಪು ಇಸ್ಕೊಂಡು ಬಂದೆ, ಗಡಿಬಿಡಿಯಲ್ಲಿ ಒಂದು ಚಮಚ ಪೂರ್ತಿ ಹಾಕಿದೆ. ಹಾಕಿ ಪ್ಲಗ್ ಚುಚ್ಚಿ ಅರ್ಧ ನಿಮಿಷ ಇಲ್ಲ, ಒಳಗೆ ಕೊತಕೊತ ಶಬ್ದ ಬಂತು, ಮೂತಿಯಿಂದ ಕುದಿಯುವ ನೀರು ಚಿಮ್ಮಿ ಸೀರೆಯ ಮೇಲೆ ಬಿತ್ತು, ಟಪ್ ಅಂತ ಲೈಟು ಹೋಯಿತು. ಲೈಟು ಮಾತ್ರ ಅಲ್ಲ, ಮೈಕ್‌ಸೆಟ್ಟೂ ಹೋಯಿತು. ಹೊರಗೆ ಮಕ್ಕಳ ಭಜನೆ ನಡೆಯುತ್ತಿತ್ತು, ಅದು ಅರ್ಧಕ್ಕೆ ನಿಂತಿತು. ಮುಖಕ್ಕೆ ಬೀಳಲಿಲ್ಲ ಅನ್ನೋದೇ ಪುಣ್ಯ.

ಇದು ಯಾಕೆ ಹೀಗಾಯಿತು ಅಂತ ಆಮೇಲೆ ತಿಳಿದುಕೊಂಡೆ. ನನ್ನಂಥ ಅಗ್ಗದ ಹಬೆ ಯಂತ್ರದಲ್ಲಿ ಗೀಸರ್‌ನಲ್ಲಿ ಇರುವ ಹಾಗೆ ಕಾಯಿಲ್ ಇರುವುದಿಲ್ಲ. ಎರಡು ತಗಡು ಇರುತ್ತವೆ, ಅಷ್ಟೆ. ಕರೆಂಟು ಒಂದು ತಗಡಿನಿಂದ ಇನ್ನೊಂದಕ್ಕೆ ನೀರಿನ ಮೂಲಕವೇ ಹರಿಯುತ್ತದೆ, ಹಾಗೆ ಹರಿಯುವಾಗ ನೀರು ಕಾಯುತ್ತದೆ. ನೀರಿನಲ್ಲಿ ಉಪ್ಪು, ಖನಿಜ ಇದ್ದರೆ ಮಾತ್ರ ಕರೆಂಟು ಚೆನ್ನಾಗಿ ಹರಿಯೋದು. ನಮ್ಮ ಮನೆಯಲ್ಲಿ ನಾನು ಹಾಕುತ್ತಿದ್ದದ್ದು ಬೋರ್‌ವೆಲ್ ನೀರು, ಬಕೆಟ್ಟಿಗೆ ಬಿಳಿ ಪದರ ಕಟ್ಟುವಂಥ ಗಡಸು ನೀರು. ಅದಕ್ಕೇ ಎರಡೇ ನಿಮಿಷಕ್ಕೆ ಹಬೆ ಬರುತ್ತಿತ್ತು. ಕ್ಯಾನ್ ನೀರು ಆರ್‌ಓ ಫಿಲ್ಟರಿನಲ್ಲಿ ಶುದ್ಧ ಮಾಡಿದ್ದು, ಅದರಲ್ಲಿ ಖನಿಜ ಬಹಳ ಕಡಿಮೆ, ಹಾಗಾಗಿ ಕಾಯಲೇ ಇಲ್ಲ. ಇನ್ನು ಚಮಚ ಉಪ್ಪು ಹಾಕಿದಾಗ ಒಂದೇ ಸಲ ಸಿಕ್ಕಾಪಟ್ಟೆ ಕರೆಂಟು ಎಳೆಯಿತು. ಬೇಕಾದದ್ದು ಎರಡು ಬೆರಳ ತುದಿಯಲ್ಲಿ ಹಿಡಿಯುವಷ್ಟು ಚಿಟಿಕೆ. ಇನ್ನೊಂದು ವಿಷಯ, ಪ್ಲಗ್ ಇರುವಾಗ ಆ ನೀರಿಗೇ ಕರೆಂಟು ಇರುತ್ತದೆ. ಮುಚ್ಚಳ ತೆಗೆಯೋದು, ನೀರು ಸೇರಿಸೋದು, ಬೆರಳು ಹಾಕೋದು, ಯಾವುದನ್ನೂ ಮಾಡಬಾರದು. ಡಬ್ಬದ ಮೇಲೆ ಇದೆಲ್ಲ ಬರೆದಿತ್ತು, ಇರುವೆ ಸೈಜಿನ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಒಂದು ಸಾಲು ಹಾಕಿದ್ದರೆ ಎಷ್ಟು ಜನಕ್ಕೆ ಉಪಕಾರ ಆಗುತ್ತಿತ್ತು. ಮಕ್ಕಳಿಗೆ ಶೀತ ಆದಾಗ ಇದೇ ಯಂತ್ರ ತಾನೇ ಹಚ್ಚೋದು? ಇದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಆ ದಿನ ಹಾಡು ಹೇಗಾಯಿತು ಅಂದರೆ, ಮೋಹನ ರಾಗದಲ್ಲಿ ತಾರಸ್ಥಾಯಿ ಷಡ್ಜಕ್ಕೆ, ಅಂದರೆ ಮೇಲಿನ 'ಸ'ಗೆ ಹೋದಾಗ ದನಿ ಎರಡಾಗಿ ಒಡೆಯಿತು. ಅದು ಹಬೆ ಸಿಗದೆ ಆದದ್ದಲ್ಲ ಅಂತ ಈಗ ಗೊತ್ತು. ಇಪ್ಪತ್ತು ನಿಮಿಷ ಯಂತ್ರದ ಹಿಂದೆ ಓಡಾಡಿ, ಒಂದು ಸ್ವರವನ್ನೂ ಹಾಡದೆ ಸೀದಾ ಹೋಗಿ ಕೂತದ್ದರಿಂದ ಆದದ್ದು.

ಪಾತ್ರೆ ಮತ್ತು ಟವೆಲ್ಲು: ಹಬೆಗೆ ಈಗ ನಾನು ನೆಚ್ಚಿಕೊಂಡಿರೋದು ಇದನ್ನೇ. ಕಾರ್ಯಕ್ರಮದ ಹಿಂದಿನ ರಾತ್ರಿ ಹತ್ತು ನಿಮಿಷ. ಕುದಿ ನಿಂತ ಮೇಲೆ, ಪಾತ್ರೆಯನ್ನು ಅಲ್ಲಾಡದ ಕಡೆ ಇಟ್ಟು, ಮುಖ ದೂರ ಇಟ್ಟುಕೊಂಡು. ಬಾಮ್, ಕರ್ಪೂರ ಏನೂ ಹಾಕಲ್ಲ. ಹಾಡುವ ಮುಂಚೆ ತಕ್ಷಣ ಹಬೆ ತಗೊಂಡರೆ ನನಗೆ ಮೂಗು ಸೋರಲು ಶುರುವಾಗುತ್ತದೆ.

ನೆಬ್ಯುಲೈಸರ್, ಅಂದರೆ ದ್ರವವನ್ನು ಮಂಜಿನ ಹಾಗೆ ಮಾಡಿ ಮಾಸ್ಕಿನಿಂದ ಉಸಿರಿಗೆ ಕೊಡುವ ಯಂತ್ರ, ಅದರ ಬಗ್ಗೆ ಹೇಳಬೇಕು, ಯಾಕೆಂದರೆ ಇದು ನಿಜಕ್ಕೂ ಒಳ್ಳೆಯದು. ನಾವು ಕುಡಿಯುವ ನೀರು ಧ್ವನಿತಂತುಗಳನ್ನು ಮುಟ್ಟೋದೇ ಇಲ್ಲ. ನುಂಗುವಾಗ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ, ನೀರು ಅನ್ನನಾಳಕ್ಕೆ ಹೋಗುತ್ತದೆ. ಮುಟ್ಟಿದರೆ ಕೆಮ್ಮು ಬರುತ್ತಿತ್ತು. ಕುಡಿದ ನೀರು ಮೈಗೆಲ್ಲ ಸೇರಿ, ಅಲ್ಲಿಗೆ ತೇವ ಬರೋಕೆ ಹೊತ್ತು ಬೇಕು. ಅದಕ್ಕೇ ವೇದಿಕೆ ಹತ್ತುವ ಮುಂಚೆ ಒಂದು ಲೀಟರ್ ಗಟಗಟ ಕುಡಿದರೆ ಬಾತ್‌ರೂಮಿಗೆ ಓಡಬೇಕಾಗುತ್ತದೆಯೇ ಹೊರತು ಗಂಟಲಿಗೆ ಏನೂ ಆಗಲ್ಲ, ಬೆಳಿಗ್ಗೆಯಿಂದ ಸ್ವಲ್ಪ ಸ್ವಲ್ಪ ಕುಡಿಯುತ್ತಿರಬೇಕು. ಉಸಿರಿನ ಜೊತೆ ಹೋಗುವ ಮಂಜು ಮಾತ್ರ ನೇರ ಅಲ್ಲಿಗೆ ಮುಟ್ಟುತ್ತದೆ. ನನ್ನ ತಂಗಿ ತನ್ನ ಮಗನಿಗೆ ಕೊಂಡಿದ್ದ ಯಂತ್ರವನ್ನು, ಕಿವಿ ಮೂಗು ಗಂಟಲಿನ ಡಾಕ್ಟರನ್ನು ಕೇಳಿ, ನನ್ನದೇ ಬೇರೆ ಮಾಸ್ಕ್ ಹಾಕಿ ಒಂದು ತಿಂಗಳು ಬಳಸಿದೆ. ಔಷಧಿ ಏನೂ ಇಲ್ಲ, 0.9 ಶೇಕಡಾ ಉಪ್ಪಿನ ಸಲೈನ್ ಮಾತ್ರ, ಮೂರು ಮಿಲಿ. ಬರೀ ನೀರು ಹಾಕಬಾರದು ಅಂತ ಡಾಕ್ಟರು ಖಡಾಖಂಡಿತ ಹೇಳಿದ್ದರು. ಎಸಿಯಲ್ಲಿ ಒಣಗಿದ ಗಂಟಲಿಗೆ ಇದು ಬಹಳ ಹಿತ. ಆದರೆ ಕಂಪ್ರೆಸರ್ ಗರ್ರ್ ಅನ್ನುತ್ತದೆ, ಪಕ್ಕದಲ್ಲಿ ವಯೊಲಿನ್‌ನವರು ಶ್ರುತಿ ಮಾಡಿಕೊಳ್ಳುತ್ತಿದ್ದರೆ ಅವರಿಗೆ ಹಿಂಸೆ. ಪ್ರತಿ ಸಲ ಆ ಬಟ್ಟಲು ತೊಳೆದು ಪೂರ್ತಿ ಒಣಗಿಸಬೇಕು, ಇಲ್ಲದಿದ್ದರೆ ಅದರಲ್ಲೇ ಕ್ರಿಮಿ ಬೆಳೆದು ಎದೆಗೆ ಹೋಗುತ್ತದೆ. ರಾತ್ರಿ ಹತ್ತಕ್ಕೆ ಮನೆಗೆ ಬಂದು ಅದನ್ನು ತೊಳೆಯುವ ಶಿಸ್ತು ನನಗಿಲ್ಲ. ಶಬ್ದ ಇಲ್ಲದ, ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರಗಳೂ ಬಂದಿವೆ, ನನ್ನ ಬಜೆಟ್ಟಿಗೆ ಜಾಸ್ತಿ ಆಯಿತು. ತಿಂಗಳಿಗೆ ನಾಲ್ಕು ಕಚೇರಿ ಇರುವವರು ಖಂಡಿತ ಯೋಚನೆ ಮಾಡಿ.

ಜ್ಯೇಷ್ಠಮಧು: ಗ್ರಂಧಿಗೆ ಅಂಗಡಿಯಲ್ಲಿ 30 ರೂಪಾಯಿಗೆ ಎರಡು ತಿಂಗಳಿಗಾಗುವಷ್ಟು ಕಡ್ಡಿ ಸಿಕ್ಕಿತ್ತು. ನಮ್ಮ ಸಂಗೀತದ ಮಿಸ್ ಕಲ್ಲುಸಕ್ಕರೆ, ಮೆಣಸಿನ ಜೊತೆ ಇದನ್ನೇ ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಜೊಲ್ಲು ಚೆನ್ನಾಗಿ ಬರುತ್ತದೆ, ಗಂಟಲಿನ ಕೆರೆತ ನಿಲ್ಲುತ್ತದೆ, ಬಾಯಿ ಒಣಗಲ್ಲ. ನಾನು ಬಿಟ್ಟಿರೋದು ಒಂದೇ ಕಾರಣಕ್ಕೆ. ನನಗೆ ಬಿಪಿ ಇದೆ, ಜ್ಯೇಷ್ಠಮಧು ದಿನಾ ಜಾಸ್ತಿ ತಿಂದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಉಳಿದವರಿಗೆ ಅಪರೂಪಕ್ಕೆ ಒಂದು ತುಂಡು, ತೊಂದರೆ ಇಲ್ಲ.

ಪುದೀನ ಸತ್ವದ ತಣ್ಣನೆ ಗಂಟಲು ಮಾತ್ರೆ ಬೇಡ. ತಣ್ಣಗಾದಾಗ ನೋವು ಗೊತ್ತಾಗಲ್ಲ, ಗೊತ್ತಾಗದೆ ಜೋರಾಗಿ ಹಾಡುತ್ತೇವೆ, ಮಾರನೆಯ ದಿನ ದನಿಯೇ ಏಳಲ್ಲ.

ಈಗ ಕೊಳವೆ. ಇದರ ಹಿಂದೆ ಫಿನ್‌ಲ್ಯಾಂಡಿನ ಕಥೆ ಇದೆ. ಆಂಟಿ ಸೊವಿಯಾರ್ವಿ ಅನ್ನುವ ಧ್ವನಿಶಾಸ್ತ್ರಜ್ಞರು ಗಾಜಿನ ಕೊಳವೆಯನ್ನು ಬಾಯಲ್ಲಿಟ್ಟು ಅದರೊಳಗೆ ದನಿ ಬಿಡುವ ಅಭ್ಯಾಸ ಶುರು ಮಾಡಿಸಿದರು. ಅದೇ ದೇಶದ ಧ್ವನಿ ಚಿಕಿತ್ಸಕಿ ಮಾರ್ಕೆಟ್ಟಾ ಸಿಹ್ವೊ ಅದನ್ನು 35 ಸೆಂಟಿಮೀಟರ್ ಉದ್ದದ ಮೆತ್ತನೆ ಸಿಲಿಕೋನ್ ಕೊಳವೆಗೆ ಇಳಿಸಿದರು, ಲ್ಯಾಕ್ಸ್ ವಾಕ್ಸ್ ಅಂತ ಅದಕ್ಕೆ ಹೆಸರು. ಅಮೆರಿಕದ ಧ್ವನಿ ವಿಜ್ಞಾನಿ ಇಂಗೊ ಟಿಟ್ಸೆ ಸಾದಾ ಸ್ಟ್ರಾದಲ್ಲೇ ಇದನ್ನು ಮಾಡಬಹುದು ಅಂತ ಹೇಳಿ ಗಾಯಕರಲ್ಲಿ ಹರಡಿದರು. ನಾನು ಮೊದಲು ಜ್ಯೂಸ್ ಅಂಗಡಿ ಸ್ಟ್ರಾ ಹುಡುಕಿದೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧ ಆಗಿದೆಯಲ್ವಾ, ಸಿಕ್ಕಿದ್ದು ಕಾಗದದ್ದು. ನಾಲ್ಕು ನಿಮಿಷಕ್ಕೆ ತುದಿ ನೆನೆದು ಅಂಟಿಕೊಂಡುಬಿಟ್ಟಿತು. ಕೊನೆಗೆ ಆಹಾರಕ್ಕೆ ಬಳಸುವ ಸಿಲಿಕೋನ್ ಕೊಳವೆ, ಒಳಗಿನ ಅಗಲ ಸುಮಾರು ಒಂದು ಸೆಂಟಿಮೀಟರ್, ಒಂದು ಮೀಟರಿಗೆ 120 ರೂಪಾಯಿ ಕೊಟ್ಟು ತಂದು ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಉದ್ದದ ಎರಡು ತುಂಡು ಕತ್ತರಿಸಿಕೊಂಡೆ.

ಮಾಡೋದು ಹೀಗೆ. ಬಾಟಲಿಗೆ ಅರ್ಧ ನೀರು. ಕೊಳವೆಯ ತುದಿ ನೀರಿನಲ್ಲಿ ಎರಡು ಮೂರು ಸೆಂಟಿಮೀಟರ್ ಮುಳುಗಬೇಕು, ಅದಕ್ಕಿಂತ ಆಳ ಹೋದರೆ ಶುರುವಿನಲ್ಲಿ ಕಷ್ಟ. ತುಟಿ ಸುತ್ತ ಮುಚ್ಚಿ ಮಧ್ಯಸ್ಥಾಯಿ ಷಡ್ಜಕ್ಕೆ (ನಡುವಿನ 'ಸ') 'ಊ' ಅನ್ನಬೇಕು. ಗುಳುಗುಳು ಅಂತ ಗುಳ್ಳೆ ಏಳುತ್ತದೆ, ಕೆನ್ನೆ ಅದುರುತ್ತದೆ, ಮೂಗಿನ ಬುಡದಲ್ಲಿ ಝುಂ ಅನ್ನುತ್ತದೆ. ಎರಡು ನಿಮಿಷ ಅಲ್ಲೇ ಇದ್ದು, ಆಮೇಲೆ ಮಂದ್ರ ಪಂಚಮಕ್ಕೆ (ಕೆಳಗಿನ 'ಪ') ಜಾರಿ, ಅಲ್ಲಿಂದ ಮೆಲ್ಲಗೆ ತಾರ ಷಡ್ಜಕ್ಕೆ, ಮತ್ತೆ ಕೆಳಗೆ. ಕೊನೆಗೆ ಕೊಳವೆಯಲ್ಲೇ ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದರೆ ಕಲಿಯುವವರ ಮೊದಲ ಸ್ವರಪಾಠ, ಒಂದನೇ ಕಾಲದಲ್ಲಿ, ಅಂದರೆ ನಿಧಾನ ವೇಗದಲ್ಲಿ.

ಇದು ಕೆಲಸ ಮಾಡೋದು ಹೇಗೆ ಅಂದರೆ, ನನ್ನ ಐದು ಮನೆ ಷಡ್ಜಕ್ಕೆ ಧ್ವನಿತಂತುಗಳು ಸೆಕೆಂಡಿಗೆ 196 ಸಲ ಒಂದಕ್ಕೊಂದು ತಾಗುತ್ತವೆ. ತಾರ ಷಡ್ಜಕ್ಕೆ 392 ಸಲ. ಮುಂದೆ ದಾರಿ ಕಿರಿದಾಗಿ, ನೀರೂ ತಡೆದಾಗ, ಗಾಳಿಯ ಒತ್ತಡ ಸ್ವಲ್ಪ ಹಿಂದಕ್ಕೆ ಬಂದು ತಂತುಗಳನ್ನು ಮೆಲ್ಲಗೆ ದೂರ ಇಡುತ್ತದೆ. ಹಾಗಾಗಿ ಅವು ಬಡಿದುಕೊಳ್ಳದೆ ಮೆತ್ತಗೆ ತಾಗುತ್ತವೆ. ಮೇಲಿನ ಸ್ವರಕ್ಕೂ ಹೋಗಿ ಬಂದ ಹಾಗಾಯಿತು, ಗಂಟಲಿಗೆ ಪೆಟ್ಟೂ ಇಲ್ಲ. ಹಬೆ, ಸಲೈನ್, ಜ್ಯೇಷ್ಠಮಧು ಎಲ್ಲ ಗಂಟಲಿಗೆ ತೇವ ಕೊಡುತ್ತವೆ, ಆದರೆ ಗಂಟಲಿನಿಂದ ಕೆಲಸ ಮಾಡಿಸಲ್ಲ. ಕೊಳವೆ ಮಾಡಿಸುತ್ತದೆ. ನನಗೆ ತುಂಬಾ ಇಷ್ಟವಾದದ್ದು ಗುಳ್ಳೆಗಳು. ಒಂದೇ ಸಮ ಏಳುತ್ತಿದ್ದರೆ ಉಸಿರು ಸರಿ ಇದೆ ಅಂತ. ನಾನು ನಿಷಾದ (ನಿ) ದಾಟುವಾಗ ಪ್ರತಿ ಸಲ ಗುಳ್ಳೆ ಒಂದು ಕ್ಷಣ ನಿಲ್ಲುತ್ತಿತ್ತು. ಅಂದರೆ ಅಲ್ಲಿ ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ. "ಅಲ್ಲಿ ಬಿಗೀತೀಯಾ ಕಣೇ" ಅಂತ ಮಿಸ್ ಹತ್ತು ವರ್ಷದ ಹಿಂದೆಯೇ ಹೇಳಿದ್ದರು. ಕಣ್ಣಿಗೆ ಕಂಡದ್ದು ಮೊದಲ ಸಲ ಈ ಬಾಟಲಿಯಲ್ಲಿ.

ತೊಂದರೆ ಇಲ್ಲ ಅಂತಲ್ಲ. ಜೋರಾಗಿ ಊದಿದರೆ ನೀರು ಸೀರೆಗೆ ಚೆಲ್ಲುತ್ತದೆ. ಸುತ್ತ ಇರುವವರು ಏನಿದು ಅಂತ ನೋಡುತ್ತಾರೆ. ಕೊಳವೆಯನ್ನೂ ತೊಳೆಯಬೇಕು, ಆದರೆ ಬಿಸಿನೀರು ಹಾಯಿಸಿ ತೂಗುಹಾಕಿದರೆ ಮುಗಿಯಿತು. ಗಂಟಲಿಗೆ ಸೋಂಕು ಆಗಿರುವಾಗ ಇದೂ ಬೇಡ, ಹಾಡೂ ಬೇಡ. ದನಿ ಮೂರು ವಾರ ಒಡೆದೇ ಇದ್ದರೆ ಡಾಕ್ಟರ ಹತ್ತಿರ ಹೋಗಿ.

ಕೊಳವೆ ಆದ ಮೇಲೆ ಐದು ನಿಮಿಷ ಮಂದ್ರದಲ್ಲಿ ಅಕಾರ, ಅಂದರೆ ಕೆಳಗಿನ ಸ್ವರಗಳಲ್ಲಿ ಬರೀ 'ಆ', ಮೆಲ್ಲನೆ ದನಿಯಲ್ಲಿ. ಮಿಸ್ ಕಲಿಸಿದ್ದು ಇದೇ, ಬೆಳಗಿನ ಜಾವದಲ್ಲಿ ಮುಕ್ಕಾಲು ಗಂಟೆ. ಅದರ ಬದಲಿಗೆ ಕೊಳವೆ ಅಂತ ನಾನು ಹೇಳುತ್ತಿಲ್ಲ. ಸಾಧನೆ ಮನೆಯದ್ದು, ಕೊಳವೆ ಪರದೆಯ ಹಿಂದಿನದ್ದು.

ಮೈಗೆ ನಾನು ಸೂರ್ಯನಮಸ್ಕಾರವನ್ನೂ ಮಾಡಿ ನೋಡಿದೆ. ಸಂಜೆ ಹನ್ನೆರಡು ಹಾಕಿ ಹೋದರೆ ಸುಸ್ತಾಗಿ ಉಸಿರು ಗಿಡ್ಡ ಆಯಿತು. ಈಗ ಗೋಡೆಗೆ ಬೆನ್ನು ಕೊಟ್ಟು ಎರಡು ನಿಮಿಷ ನಿಲ್ಲುತ್ತೇನೆ, ಭುಜ ಕಿವಿಯವರೆಗೆ ಎತ್ತಿ ಬಿಡುತ್ತೇನೆ, ದವಡೆಯ ಎರಡೂ ಕಡೆ ಬೆರಳಿನಿಂದ ತಿಕ್ಕುತ್ತೇನೆ. ಒಂದು ಗಂಟೆ ಚಕ್ಕಂಬಕ್ಕಳ ಹಾಕಿ ಕೂರಬೇಕಾದ್ದರಿಂದ ಸೊಂಟದ ಕೆಳಗೆ ಮಡಿಸಿದ ಶಾಲು ಇಟ್ಟುಕೊಳ್ಳುತ್ತೇನೆ. ಸೊಂಟ ಸ್ವಲ್ಪ ಎತ್ತರ ಆದರೆ ಹೊಟ್ಟೆ ಬಿಡುವಾಗುತ್ತದೆ, ಉಸಿರು ಕೆಳಗಿನವರೆಗೂ ಹೋಗುತ್ತದೆ.

ಊಟ ಹಾಡುವುದಕ್ಕೆ ಎರಡು ಗಂಟೆ ಮುಂಚೆ, ಅನ್ನ ಸಾರು. ಬಜ್ಜಿ ಬೇಡ, ಹುಳಿತೇಗು ಬಂದರೆ ಗಂಟಲು ಉರಿಯುತ್ತದೆ. ಕಾಫಿ ನಾನು ಬಿಟ್ಟಿಲ್ಲ, ಮಧ್ಯಾಹ್ನಕ್ಕೇ ಮುಗಿಸುತ್ತೇನೆ. ಪಾನಕ ಹಾಡಿದ ಮೇಲೆ, ಐಸ್ ಇಲ್ಲದ್ದು.

ಈ ವರ್ಷದ ರಾಮನವಮಿಗೆ ಅದೇ ಪೆಂಡಾಲು, ಅದೇ ಪರದೆ, ಅದೇ ಮೃದಂಗದವರು. ಬ್ಯಾಗಿನಲ್ಲಿ ಬಾಟಲಿ, ಕೊಳವೆ, ಶಾಲು ಇಷ್ಟೇ. ಗುಳುಗುಳು ಶಬ್ದ ಕೇಳಿ ಅವರು ಪರದೆ ಸರಿಸಿ ನೋಡಿ, "ಇದಕ್ಕೆ ಕರೆಂಟ್ ಬೇಡ ತಾನೇ ಅಮ್ಮಾ?" ಅಂದರು. ಬೇಡ ಅಂದೆ. ಮೋಹನದಲ್ಲಿ ತಾರ ಷಡ್ಜಕ್ಕೆ ಹೋಗಿ ನಾಲ್ಕು ಅಕ್ಷರ, ಅಂದರೆ ತಾಳದ ನಾಲ್ಕು ಎಣಿಕೆ, ನಿಂತೆ. ಇಳಿದು ಬಂದ ಮೇಲೆ ವಯೊಲಿನ್‌ನವರು ಕೇಳಿದರು ಅಂತ ಆ ಮೀಟರಿನಲ್ಲಿ ಉಳಿದಿದ್ದ ಇನ್ನೊಂದು ತುಂಡನ್ನು ಅವರ ಮಗಳಿಗೆ ಕೊಟ್ಟೆ, ಅವಳೂ ಹಾಡುತ್ತಾಳೆ.